ಕಲ್ಲುಸೇತುವೆಯ ಏಳನೆಯ ಗೂಡು

ಭಾನುವಾರ ಬೆಳಗ್ಗೆ ಕಲ್ಲುಸೇತುವೆಯ ಮೇಲೆ ಅಳತೆಯ ಟೇಪಿನ ಒಂದು ತುದಿಯನ್ನು ಸೊಸೆಯೂ ಇನ್ನೊಂದನ್ನು ಅತ್ತೆಯೂ ಹಿಡಿದಿದ್ದರು. ಸೊಸೆ ನಗರದ ಸೇತುವೆಗಳ ವಿನ್ಯಾಸಕಿ. ಅವಳ ಸಹಾಯಕ ಜ್ವರದಿಂದ ಮಲಗಿದ್ದುದರಿಂದ, ನಲವತ್ತು ವರ್ಷ ಹೊಲಿಗೆಯಲ್ಲೇ ಕಳೆದ ಅತ್ತೆ ತಾವಾಗಿಯೇ ಹೊರಟುಬಂದಿದ್ದರು.

"ಇಷ್ಟುದ್ದದ ಅಳತೆ ನಾನು ಯಾವತ್ತೂ ತಗೊಂಡಿಲ್ಲ ಕಣೇ. ಅಂಗಿ ಯಾವ ರಾಕ್ಷಸನಿಗೆ?"

"ಬಿಗಿಯಾಗಿ ಹಿಡ್ಕೊಳ್ಳಿ ಅತ್ತೆ, ಜೋಲು ಬೀಳ್ತಿದೆ."

ಹನ್ನೊಂದು ಕಮಾನುಗಳ ಆ ಸೇತುವೆಯ ಸೌಂದರ್ಯವೆಲ್ಲ ಅಗತ್ಯದಿಂದಲೇ ಹುಟ್ಟಿದ್ದು. ಪ್ರವಾಹವನ್ನು ಸೀಳಲೆಂದು ಪ್ರತಿ ಕಂಬಕ್ಕೂ ದೋಣಿಯ ಮೂತಿಯಂಥ ಚಾಚು ಕೊಟ್ಟ ಹಿಂದಿನ ಕಾಲದ ಶಿಲ್ಪಿಗಳು, ಅದನ್ನು ನೀರಿನ ಮಟ್ಟದಲ್ಲೇ ನಿಲ್ಲಿಸದೆ ದಾರಿಯವರೆಗೂ ಏರಿಸಿ, ಅಲ್ಲೊಂದು ಅರ್ಧಚಂದ್ರಾಕಾರದ ಗೂಡು ಕಟ್ಟಿ, ಕೂರಲು ಕಲ್ಲುಹಾಸು ಇಟ್ಟಿದ್ದರು. ನದಿಗೆ ಕಠಿಣವಾದ ಶಿಲೆಯೇ ನಡೆಯುವವನಿಗೆ ಕರುಣೆಯಾಗಿತ್ತು. ಈಗ ಆ ಗೂಡುಗಳನ್ನು ಒಡೆದು, ಚಾಚುಗಳ ಮೇಲೆ ತೊಲೆ ಕೂರಿಸಿ, ವಾಹನಗಳಿಗೆ ಇನ್ನೊಂದು ಸಾಲು ಮಾಡುವ ನಕ್ಷೆಗೆ ಸೊಸೆ ಮರುದಿನ ಸಹಿ ಹಾಕಬೇಕಿತ್ತು.

"ಒಡೀಲೇಬೇಕಾ?"

"ಆಂಬ್ಯುಲೆನ್ಸ್ ಇಲ್ಲಿ ಅರ್ಧ ಗಂಟೆ ಸಿಕ್ಕಿಹಾಕ್ಕೊಳ್ಳುತ್ತೆ ಅತ್ತೆ. ಗೂಡು ಚಂದ ಅಂತ ಜೀವ ಹೋಗ್ಲಿ ಅನ್ನೋಕಾಗುತ್ತಾ? ಸಮೀಕ್ಷೇನೂ ಮಾಡಿಸಿದೀನಿ. ಅದು ಉಪಯೋಗಕ್ಕಿಲ್ಲದ ಜಾಗ."

ಆ ಮಾತಿನಲ್ಲಿ ನ್ಯಾಯವಿತ್ತು. ಅತ್ತೆ ಟೇಪಿನ ತುದಿ ಹಿಡಿದು ಗೂಡುಗಳತ್ತ ನಡೆದರು.

ಮೊದಲ ಗೂಡಿನಲ್ಲಿ ಹಮಾಲಿಯೊಬ್ಬ ಮೂಟೆ ಇಳಿಸಿ ಕೂತಿದ್ದ. "ಏಳ್ತೀನಿ ತಾಯಿ, ಉಸಿರು ವಾಪಸ್ ಬರ್ಲಿ" ಎಂದ. ಎರಡನೆಯದರಲ್ಲಿ ತಾಯಿಯೊಬ್ಬಳು ಮಗುವಿಗೆ ಹಾಲೂಡಿಸುತ್ತಿದ್ದಳು. ಅತ್ತೆ, ಸೊಸೆ ಇಬ್ಬರೂ ಬೆನ್ನು ತಿರುಗಿಸಿ ಕಾದರು. ನಾಲ್ಕನೆಯದರಲ್ಲಿ ಓರಗಿತ್ತಿಯರಿಬ್ಬರು, "ನಮ್ ಜಗಳ ಮುಗಿಯೋತನಕ ತಾಳಿ!" ಎಂದು ಗದರಿದರು.

"ನಿನ್ನ ಸಮೀಕ್ಷೆಯವ್ರ ಕಣ್ಣಿಗೆ ಇವ್ರ್ಯಾರೂ ಬೀಳ್ಲೇ ಇಲ್ವಾ?"

ಸೊಸೆ ಚೀಲದಿಂದ ಸಮೀಕ್ಷೆಯ ನಮೂನೆ ತೆಗೆದಳು. ಬಸ್ಸು, ಲಾರಿ, ಕಾರು, ಬೈಕು. ಪ್ರತಿಯೊಂದಕ್ಕೂ ಒಂದು ಕಾಲಂ. ನಡೆಯುವವರಿಗೆ ಕಾಲಂ ಇರಲೇ ಇಲ್ಲ. ಆ ನಮೂನೆಯನ್ನು ಸಿದ್ಧಪಡಿಸಿದವಳು ಅವಳೇ.

ಏಳನೆಯ ಗೂಡಿಗೆ ಬರುವಷ್ಟರಲ್ಲಿ ಅತ್ತೆಯ ಮೊಣಕಾಲು ಸೋತಿತ್ತು. ಕಲ್ಲುಹಾಸಿನ ಮೇಲೆ ಕುಳಿತು ಅದನ್ನು ಸವರಿದರು. "ಬಟ್ಟೆ ಗಂಟು ಹೊತ್ತು ಅಂಗಡಿಗೆ ಹೋಗ್ವಾಗ ಇದೇ ನನ್ನ ಜಾಗ. ನಿನ್ನ ಗಂಡ ಹೊಟ್ಟೇಲಿದ್ದಾಗ್ಲೂ ಇಲ್ಲೇ ಕೂರ್ತಿದ್ದೆ. ಕಂಕುಳಲ್ಲಿ ಸಡಿಲ ಬಿಡದೆ ಹೊಲಿದ್ರೆ ಅಂಗಿ ಹಾಕ್ಕೊಂಡೋನು ಕೈ ಎತ್ತೋ ಹಾಗಿಲ್ಲ ಕಣೇ. ಇದನ್ನ ಕಟ್ಟಿದೋರಿಗೆ ಅದು ಗೊತ್ತಿತ್ತು. ಹೂಂ, ಅಳತೆ ತಗೋ. ಏಳ್ಲಾ?"

"ಬೇಡ ಅತ್ತೆ. ಕೂತಿರಿ."

ಸೊಸೆ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿ, ಪಕ್ಕದಲ್ಲೇ ಕುಳಿತಳು. ನಕ್ಷೆಯನ್ನು ತೊಡೆಯ ಮೇಲೆ ಹರಡಿ, ಕೆಳಹರಿವಿನಲ್ಲಿದ್ದ ಅಗಲವಾದ ಕಬ್ಬಿಣದ ಸೇತುವೆಯಿಂದ ಆಸ್ಪತ್ರೆಯವರೆಗೆ ಆಂಬ್ಯುಲೆನ್ಸಿಗೆಂದೇ ಒಂದು ದಾರಿಯನ್ನು ಪೆನ್ಸಿಲಿನಲ್ಲಿ ಎಳೆದಳು. ನಾಳೆ ಮೇಲಧಿಕಾರಿಯ ಮುಂದೆ ತನ್ನದೇ ತಪ್ಪನ್ನು ಒಪ್ಪಿಕೊಂಡು ಇದನ್ನು ಮಂಡಿಸುವುದು ಸುಲಭವಲ್ಲವೆಂದು ಅವಳಿಗೆ ತಿಳಿದಿತ್ತು.

ಬಳಿಕ ಖಾಲಿ ನಮೂನೆಯೊಂದನ್ನು ತೆಗೆದು, ಅಂಚಿನಲ್ಲಿ ಹೊಸ ಕಾಲಂ ಎಳೆದು 'ನಡೆಯುವವರು' ಎಂದು ಬರೆದಳು. ಅತ್ತೆಯ ಮುಖ ನೋಡಿ, ಅದರ ಕೆಳಗೆ ಎಣಿಕೆಗೆಂದು ಒಂದು ಗೆರೆ ಹಾಕಿದಳು.

ಅತ್ತೆ ಬಗ್ಗಿ ನೋಡಿದರು.

"ಇನ್ನೊಂದು ಹಾಕು. ನೀನೂ ಕೂತಿದೀಯಲ್ಲ."