ಸಕ್ಕರೆ ಹೋದ ಜಾಗ

ಸ್ಕ್ಯಾನಿಗೆಂದು ವಿಕಿರಣ ಬೆರೆಸಿದ ಸಕ್ಕರೆಯ ಸೂಜಿ ಚುಚ್ಚಿದ ಮೇಲೆ ನಲವತ್ತು ನಿಮಿಷ ರೋಗಿ ಮಂದ ಬೆಳಕಿನ ಕೋಣೆಯಲ್ಲಿ ತೆಪ್ಪಗೆ ಮಲಗಿರಬೇಕು. ಮಾತಿಲ್ಲ, ಹಾಡಿಲ್ಲ, ಪಕ್ಕದಲ್ಲಿ ಯಾರೂ ಇರುವಂತಿಲ್ಲ. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅದು ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತದೆ. ಸ್ಕ್ಯಾನಿನಲ್ಲಿ ಅಲ್ಲೇ ಬೆಳಕು. ಇದನ್ನೆಲ್ಲ ರೋಗಿಯ ಕಡೆಯವರಿಗೆ ತಿಳಿಹೇಳುವುದು ಸ್ಕ್ಯಾನ್ ವಿಭಾಗದ ಟೆಕ್ನಿಶಿಯನ್ ಆದ ಅವಳ ಕೆಲಸ. ಆದರೆ ಆ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ 'ಪಿಸುಮಾತು' ಎಂದು. ಗದರುವುದು ಅವಳ ಜಾಯಮಾನವಲ್ಲ.

ಅಂದು ಬಂದ ರೋಗಿ ಬೀಗ ರಿಪೇರಿಯವರು. ಪಾರ್ಶ್ವವಾಯು ಬಡಿದು ಎರಡು ತಿಂಗಳಾದರೂ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಹೇಳಿದ್ದು ತಲೆಗೆ ಹೋಗುತ್ತದೋ ಇಲ್ಲವೋ, ಅದೂ ತಿಳಿಯದು. ಮಾತಿನ ತರಬೇತಿ ಮುಂದುವರಿಸುವುದೋ ಬಿಡುವುದೋ, ಚಿತ್ರ ನೋಡಿ ಹೇಳುತ್ತೇನೆ ಎಂದಿದ್ದರು ಡಾಕ್ಟರಮ್ಮ.

ಅರ್ಧ ಗಂಟೆ ಬಿಟ್ಟು ಬಾಗಿಲು ತೆರೆದರೆ, ಅವರ ಹೆಂಡತಿ ಯಾವ ಮಾಯದಲ್ಲೋ ಒಳಗೆ ನುಸುಳಿ ಗಂಡನ ಕಿವಿಯ ಬಳಿ ಕೂತಿದ್ದರು.

"ರೀ, ಅಂಗಡಿ ಶಟರ್ ಮೂರು ದಿನದಿಂದ ಮೇಲೇಳ್ತಿಲ್ಲ. ಊರವರ ಬೀಗಕ್ಕೆಲ್ಲ ಕೈ ಹಾಕಿದ್ರಿ, ನಮ್ದಕ್ಕೆ ಮಾತ್ರ ನಾಳೆ, ನಾಡಿದ್ದು! ಈಗ ನಿಮ್ಮ ತಮ್ಮ ಎಣ್ಣೆ ಬಿಡೋಕೆ ಹೋಗಿ ಮೈಗೆಲ್ಲ ಬಳ್ಕೊಂಡಿದ್ದಾನೆ..."

"ಅಮ್ಮಾ, ಮಾತಾಡಬಾರದು..." ಎಂದಳು. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಅಯ್ಯೋ, ಸುಮ್ನೆ ಹೇಗಿರ್ಲಿ ಕಣಮ್ಮ? ಮೂವತ್ತು ವರ್ಷದ ಅಭ್ಯಾಸ!"

ಆಕೆಯನ್ನು ಹೊರಗೆ ಕಳಿಸುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ದಾಖಲೆ ಹಾಳೆಯ 'ನಿಶ್ಶಬ್ದ' ಎಂಬ ಚೌಕದಲ್ಲಿ ಗುರುತು ಹಾಕಲು ಕೈ ಬರಲಿಲ್ಲ. ಖಾಲಿ ಬಿಟ್ಟಳು.

ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರಮ್ಮ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದರು. "ಎಡಗಡೆ ಮುಂಭಾಗ ಕತ್ತಲು, ಅದು ಗೊತ್ತಿದ್ದದ್ದೇ. ಆದ್ರೆ ಕಿವಿಯ ಹಿಂದೆ, ಮಾತು ಅರ್ಥ ಮಾಡ್ಕೊಳ್ಳೋ ಜಾಗ ಎಷ್ಟು ಹೊಳೀತಿದೆ ನೋಡು! ಪೂರ್ತಿ ನಿಶ್ಶಬ್ದ ಇತ್ತಲ್ವಾ?"

ಹೂಂ ಎಂದರೆ ಸಾಕು. ತರಬೇತಿಯೂ ಮುಂದುವರಿಯುತ್ತದೆ, ತಾನೂ ಬಚಾವು. ಆದರೆ ಆ ಬೆಳಕಿಗೆ ಸುಳ್ಳು ಅರ್ಥ ಅಂಟುತ್ತದೆ.

"ಇಲ್ಲ ಮೇಡಂ. ಅವರ ಹೆಂಡತಿ ಮಾತಾಡ್ತಿದ್ರು. ಹೊರಗೇ ಇರಿ ಅಂತ ಗಟ್ಟಿಯಾಗಿ ಹೇಳೋಕೆ ನನಗೆ ಸಂಕೋಚ ಆಯ್ತು."

"ಭೇಷ್! ನಿನ್ನ ಸಂಕೋಚಕ್ಕೆ ಒಂದು ಸ್ಕ್ಯಾನೇ ಹೋಯ್ತು." ಬೈದವರು ಮತ್ತೆ ಪರದೆಯತ್ತ ತಿರುಗಿದರು. "ಆದ್ರೂ ಇದನ್ನ ಅಳಿಸಬೇಡ. ಮುಂದಿನ ವಾರ ನಿಶ್ಶಬ್ದದಲ್ಲಿ ಇನ್ನೊಂದು ತೆಗಿ. ಪಕ್ಕಪಕ್ಕ ಇಟ್ಟು ನೋಡೋಣ."

ಮುಂದಿನ ವಾರ ಅವಳು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ತಾನೇ ಕೂತಳು. ಕಾರಿಡಾರಿನ ಕೊನೆಯಲ್ಲಿ ಬೀಗದವರ ಹೆಂಡತಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಈ ಸಲ ಅದೇ ಜಾಗ ಮಂಕಾಗಿತ್ತು. "ಎಲ್ಲ ಅರ್ಥ ಆಗುತ್ತೆ ಅಂತ ಹೇಳೋಕಾಗಲ್ಲ. ಆದ್ರೆ ಮಾತಿಗೆ ಹೊಳೆದಿದೆ ಅಂದ್ರೆ ಅಲ್ಲಿ ಜೀವ ಇದೆ, ತರಬೇತಿ ನಡೀಲಿ," ಎಂದು ಡಾಕ್ಟರಮ್ಮ ಬರೆದುಕೊಟ್ಟರು.

ಅವಳು ನಗುತ್ತಾ ಕಾರಿಡಾರಿಗೆ ಬಂದು ಅದನ್ನು ಹೇಳಿದಳು. "ಮಂಕಾಗಿದ್ದಕ್ಕೆ ಖುಷಿ ಪಡ್ತಿದ್ದೀಯಲ್ಲಮ್ಮ!" ಎಂದರು ಆಕೆ.

"ಹೋದ ವಾರದ ಬೆಳಕು ನಿಮ್ಮ ಮಾತಿಂದ ಬಂದಿದ್ದಮ್ಮಾ," ಎಂದಳು ಪಿಸುಮಾತು, ಕಾರಿಡಾರಿಗೆಲ್ಲ ಕೇಳುವಂತೆ.

ಆಕೆ ಕಣ್ಣೊರೆಸಿಕೊಂಡು ಗಾಲಿಕುರ್ಚಿಯಲ್ಲಿದ್ದ ಗಂಡನತ್ತ ಬಗ್ಗಿದರು.

"ಅಂದ್ರೆ ಕೇಳಿಸ್ತಿತ್ತು! ರೀ, ಆ ಶಟರ್ ವಿಷಯ..."

ಶಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಬೀಗದವರು ಕೇಳಿಸದವರಂತೆ ಮೆಲ್ಲಗೆ ಕಣ್ಣು ಮುಚ್ಚಿಕೊಂಡರು.

"ನೋಡಿದ್ಯಾ ಮಗಳೇ," ಆಕೆಯ ದನಿ ನಡುಗಿತು, "ಇದೂ ಮೂವತ್ತು ವರ್ಷದ ಅಭ್ಯಾಸವೇ."