ಮೇಲಿನ ಶೆಲ್ಫಿನ ಆರ್ಮ್

"ಇವನು ಮುಟ್ಟಿದ್ದೆಲ್ಲ ಮಣ್ಣು ಟೀಚರ್. ಸ್ಕೂಲೂ ಹತ್ತಲಿಲ್ಲ, ಕೆಲಸವೂ ಹತ್ತಲಿಲ್ಲ. ಹೆಂಡ್ತಿ ತಮ್ಮ ಅಂತ ಸಾಕ್ಕೊಂಡಿದೀನಿ, ಅಷ್ಟೇ," ಎಂದರು ಭಾವ, ನನ್ನ ಕಡೆ ಕೈ ತೋರಿಸಿ.

ಹಳೇ ರೇಡಿಯೊ ನೋಡಲು ಅಂಗಡಿಗೆ ಬಂದಿದ್ದ ಇಬ್ಬರು ಜೋರಾಗಿ ನಕ್ಕರು. ಡ್ಯಾನ್ಸ್ ಟೀಚರೂ ನಕ್ಕರು, ಸ್ವಲ್ಪ. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಆ ಹೊತ್ತಿನಲ್ಲಿ ಅದು ಕೈಯಲ್ಲಿರುವುದು ಒಳ್ಳೆಯದಲ್ಲ ಅನ್ನಿಸಿ ಮೇಜಿನ ಮೇಲಿಟ್ಟೆ.

ಟೀಚರಿಗೆ ಡ್ಯಾನ್ಸ್ ಕ್ಲಾಸಿಗೆ ರೆಕಾರ್ಡ್ ಹಾಕುವ ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ಬೇಕಿತ್ತು. ಸೂಜಿ ಇರುವ ಕಾರ್ಟ್ರಿಜ್ ಮಾತ್ರ ಅವರದೇ, ಪುಟ್ಟ ಡಬ್ಬಿಯಲ್ಲಿ ತಂದಿದ್ದರು. ಒಳ್ಳೇ ಮಾಲು, ಆದರೆ ಮೆತ್ತನೆಯ ಜಾತಿ. ಅಂಥದ್ದನ್ನು ಹೊರುವ ಕೋಲು, ಅಂದರೆ ಆರ್ಮ್, ಹಗುರ ಇರಬೇಕು. ಭಾರದ ಆರ್ಮ್‌ಗೆ ಸಿಕ್ಕಿಸಿದರೆ ಎಳೆಗರುವನ್ನು ನೇಗಿಲಿಗೆ ಕಟ್ಟಿದ ಹಾಗೆ.

ಭಾವ ತೋರಿಸುತ್ತಿದ್ದ ಮೆಷಿನ್ನಿಗೆ ಇದ್ದದ್ದು ಭಾರದ ಆರ್ಮ್. ಹಗುರದ್ದೂ ಒಂದಿತ್ತು, ಮೇಲಿನ ಶೆಲ್ಫಿನಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ, ನನ್ನ ಹಳೇ ಷರಟಿನಲ್ಲಿ ಸುತ್ತಿಟ್ಟಿದ್ದೆ. ಗುಜರಿಗೆ ಎಸೆದಿದ್ದನ್ನು ಎತ್ತಿಕೊಂಡು, ಬೇರಿಂಗ್ ತೊಳೆದು, ಕೂದಲಿನಂಥ ತಂತಿ ಹೊಸದಾಗಿ ಎಳೆದು ಜೀವ ಬರಿಸಿದ್ದೆ. "ಬಾಯಿ ಮಾತು ಬೇಡ. ನೀನೇ ಎಬ್ಬಿಸಿದ ಆರ್ಮ್ ಒಂದು ತಗೊಂಡ್ ಬಾ, ನನ್ನ ಪಕ್ಕದ ಸ್ಟೂಲು ನಿಂದು," ಎಂದಿದ್ದರು ಪಕ್ಕದ ಬೀದಿಯ ರಿಪೇರಿ ಅಜ್ಜ, ನಾನು ಕೆಲಸ ಕೇಳಿದಾಗ. ಇಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಇಳಿದರೆ ಭಾವ, ಹತ್ತಿದರೂ ಭಾವ. ಹೊರಗೆ ಹೋಗಲು ನನಗಿದ್ದ ದಾರಿ ಆ ಪೆಟ್ಟಿಗೆಯೊಂದೇ.

ಟೀಚರ ಕಾರ್ಟ್ರಿಜ್ಜನ್ನು ಭಾರದ ಆರ್ಮ್‌ಗೇ ಸಿಕ್ಕಿಸಿದೆ. ಹಾಡು ಬಂತು. ಟೀಚರ್ ಚಪ್ಪಲಿ ಬಿಟ್ಟು ನೆಲಕ್ಕೆ ಒಂದು ಹೆಜ್ಜೆ ತಟ್ಟಿದರು. ಸೂಜಿ ಕಪ್ಪೆಯ ಹಾಗೆ ಹಾರಿತು.

"ಅಯ್ಯೋ, ನಾನೊಬ್ಳು ಕುಣಿದ್ರೇ ಹಿಂಗೆ. ನಮ್ಮ ಮಕ್ಕಳು ಕುಣಿದ್ರೆ ಇದು ಬೀದಿಗೇ ಹಾರತ್ತೆ!"

"ಭಾರ ಹಾಕೋ, ಭಾರ ಹಾಕು," ಎಂದು ಭಾವ ಬೆನ್ನಿಗೆ ತಿವಿದರು.

ಆರ್ಮ್‌ನ ಹಿಂದಿರುವ ತೂಕವನ್ನು ತಿರುಗಿಸಿ ಸೂಜಿಯ ಮೇಲೆ ಒತ್ತಡ ಏರಿಸಿದೆ. ಟೀಚರ್ ಮತ್ತೆ ಹೆಜ್ಜೆ ತಟ್ಟಿದರು. ಹಾರಲಿಲ್ಲ. ಭಾವ ಚಪ್ಪಾಳೆ ಹೊಡೆದರು.

ಬಗ್ಗಿ ನೋಡಿದೆ. ಸೂಜಿ ಕುಸಿದು ಕಾರ್ಟ್ರಿಜ್ಜಿನ ಹೊಟ್ಟೆ ರೆಕಾರ್ಡಿಗೆ ಉಜ್ಜುತ್ತಿತ್ತು. ನಿಂತವರಿಗೆ ಅದು ಕಾಣುವ ಹಾಗಿರಲಿಲ್ಲ. ಸುಮ್ಮನಿದ್ದರೆ ಸಾಕು, ಈ ಮೆಷಿನ್ ಮಾರಿ ಹೋಗುತ್ತದೆ, ನನ್ನ ಪೆಟ್ಟಿಗೆ ಉಳಿಯುತ್ತದೆ.

"ರೆಕಾರ್ಡ್ ಹಾಳಾಗಲ್ಲ ತಾನೇ?" ಟೀಚರ್ ಕೇಳಿದ್ದು ಭಾವನನ್ನಲ್ಲ, ನನ್ನನ್ನು. "ಇವೆಲ್ಲ ಮತ್ತೆ ಸಿಗಲ್ಲ ಕಣಪ್ಪ."

ಮುಟ್ಟಿದ್ದೆಲ್ಲ ಮಣ್ಣು. ಸುಮ್ಮನಿದ್ದರೆ ಆ ಮಾತನ್ನು ನನ್ನ ಕೈಯಾರೆ ನಾನೇ ನಿಜ ಮಾಡಿದಂತೆ. ಬಾಯಿ ಬಿಟ್ಟರೆ ಪೆಟ್ಟಿಗೆ ಇಳಿಸಲೇಬೇಕು, ಅಜ್ಜನ ಸ್ಟೂಲು ಹೋಯಿತು. ಹಾಡು ಉಜ್ಜಿಕೊಂಡೇ ಸುತ್ತುತ್ತಿತ್ತು.

"ಹಾಳಾಗತ್ತೆ," ಎಂದು ಸೂಜಿ ಎತ್ತಿದೆ.

ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿದೆ. ಆರ್ಮ್ ಬದಲಿಸಿ, ಕಾರ್ಟ್ರಿಜ್ ಕೂರಿಸಿ, ತೂಕ ಸರಿ ಮಾಡುವ ತನಕ ಯಾರ ಮುಖವನ್ನೂ ನೋಡಲಿಲ್ಲ. ಟೀಚರ್ ಈ ಸಲ ಒಂದು ಸುತ್ತು ಪೂರಾ ಕುಣಿದರು. ರೇಡಿಯೊದವರು ಗೋಡೆಗೆ ಅಂಟಿಕೊಂಡು ಜಾಗ ಬಿಟ್ಟರು. ಸೂಜಿ ಕದಲಲಿಲ್ಲ.

"ಇದೇ ಇರ್ಲಿ," ಎಂದರು ಟೀಚರ್, ಏದುಸಿರು ಬಿಡುತ್ತ.

"ನಿಮ್ದೇ ಅನ್ಕೊಳ್ಳಿ," ಎಂದ ಭಾವನ ಕಣ್ಣು ಮೇಜಿನ ಮೇಲಿದ್ದ ಷರಟಿಗೆ ಬಿತ್ತು. ಯಾರದೆಂದು ಗುರುತು ಹತ್ತಿತು. ಹೋಗಿ ಬೀದಿ ಬಾಗಿಲಿಗೆ ಅಡ್ಡ ನಿಂತರು.

"ಓಹೋ, ಯಾರಿಗೆ ಮುಚ್ಚಿಟ್ಟಿದ್ಯೋ ಇದನ್ನ? ಎಲ್ಲಿಗೆ ಸವಾರಿ ಹೊರಟಿತ್ತು ಮಹಾರಾಜರದು? ಹೇಳು, ಎಲ್ರೂ ಕೇಳ್ಲಿ."

ಎಲ್ಲರೂ ನನ್ನನ್ನೇ ನೋಡಿದರು. ಹೊರಗೆ ಹೋಗುವ ದಾರಿ ಟೀಚರ ಪಾಲಾಗಿತ್ತು. ನಾನು ಷರಟನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಮೇಲೆ ಹೋಗುವ ಮೆಟ್ಟಿಲಿನ ಕಡೆ ನಡೆದೆ.