ಮೊಣಕಾಲ ಕೆಳಗಿನ ಗಾಳಿ

"ಮೂಸೇ, ಅವಳ ಬಾಯಿ ಮೂಸು! ಕುಡಿದು ಬಿದ್ದಿದಾಳೋ ಇಲ್ವೋ, ಎಲ್ರೆದುರಿಗೇ ಹೇಳು!"

ಗೋದಾಮಿನ ಮ್ಯಾನೇಜರು ಹೀಗೆ ಕಿರುಚುವಾಗ ತಂಗಿ ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಅಂಗಾತ ಬಿದ್ದಿದ್ದಳು. ಹಮಾಲರಲ್ಲೊಬ್ಬ ಮುದುಕ ಅವಳನ್ನು ಆಗಷ್ಟೇ ಒಳಗಿನಿಂದ ಎಳೆದು ತಂದಿದ್ದ. ವಾಂತಿ ಬಾಯಿಂದ ಇಳಿದು ಕಿವಿಯವರೆಗೆ ಹರಿದಿತ್ತು, ನೊಣಗಳು ಮುತ್ತಿದ್ದವು. ಪೊರಕೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬಾಯಿ ಒರೆಸುತ್ತಿದ್ದಳು. ಮ್ಯಾನೇಜರು ಮಾತ್ರ ಮೂಗಿಗೆ ಕರ್ಚೀಫು ಒತ್ತಿಕೊಂಡು ಮಾರು ದೂರದಲ್ಲಿದ್ದ. ಇವರ ಬೆವರು ನಾರುತ್ತದಂತೆ. ಅವನು ಮೈಗೆ ಬಳಿದುಕೊಂಡ ಸೆಂಟಿನ ನಾತಕ್ಕೆ ಇವರು ಮೂಗು ಮುಚ್ಚಿಕೊಳ್ಳುವ ಹಾಗಿರಲಿಲ್ಲ.

"ಅವಳು ಕುಡಿಯಲ್ಲ ಸಾರ್."

"ಮೂಸು ಅಂದ್ನಲ್ಲ!"

ಅಕ್ಕ ಮೂಸಿದಳು. ಅಷ್ಟು ಜನರ ಎದುರಿಗೆ ಒಡಹುಟ್ಟಿದವಳ ಬಾಯಿಯನ್ನು ನಾಯಿಯ ಹಾಗೆ ಮೂಸಿದಳು. ಹುಳಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅವಳಿಗೆ ಅಸಹ್ಯವಾದದ್ದು ಆ ವಾಸನೆಯಲ್ಲ, ಹೇಳಿದ ಕೂಡಲೇ ತಾನು ಮೂಸಿಬಿಟ್ಟದ್ದು.

ಮೂಗನ್ನು ನಂಬಿಯೇ ಇವರು ಕೆಟ್ಟದ್ದು. ಮೂಟೆಗಳ ಹುಳ ಸಾಯಿಸಲು ಮೊದಲು ಇಡುತ್ತಿದ್ದ ಮಾತ್ರೆ ಕೊಳೆತ ಬೆಳ್ಳುಳ್ಳಿಯಂತೆ ನಾರುತ್ತಿತ್ತು; ನಾತ ಹೋದ ಮೇಲೆಯೇ ಒಳಗೆ ಕಾಲಿಡುವುದು ಹಮಾಲರ ರೂಢಿ. ಈಗ ಬಂದದ್ದು ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್. ಮೂಟೆಗಳ ರಾಶಿಗೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮರಳಿನ ಚೀಲ ಹೇರಿ, ಪೈಪಿನಿಂದ ಒಳಗೆ ಬಿಡುತ್ತಿದ್ದರು. ಅದಕ್ಕೆ ನಾತವೇ ಇಲ್ಲ, ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಹೊದಿಕೆ ತೆಗೆದ ಕೂಡಲೇ ತಂಗಿ ಗಾಳಿ ಮೂಸಿ, ಏನೂ ಇಲ್ಲವೆಂದುಕೊಂಡು ತಗ್ಗಿನ ಗೋದಾಮಿಗೆ ಮೆಟ್ಟಿಲಿಳಿದಿದ್ದಳು.

"ಸೋಡಾದಲ್ಲಿರೋ ಗ್ಯಾಸ್ ಕಣ್ರೋ ಅದು! ಅದಕ್ಕೆ ಯಾವನಾದ್ರೂ ಸಾಯ್ತಾನಾ?"

"ಹುಳ ಸಾಯ್ತಾವಲ್ಲ ಸಾರ್," ಎಂದ ಮುದುಕ.

"ನೀವೂ ಹುಳಾನೇನೋ?"

ಅದಕ್ಕೆ ಉತ್ತರ ಮ್ಯಾನೇಜರಿಗೇ ಚೆನ್ನಾಗಿ ಗೊತ್ತಿತ್ತು.

ತಂಗಿ ಕಣ್ಣು ಬಿಟ್ಟಳು. "ನಿಂತಿದ್ದಾಗ ಬರೀ ತಲೆನೋವು ಅಕ್ಕಾ. ಗುಡಿಸೋಕೆ ಬಗ್ಗಿದೆ ನೋಡು, ಉಸಿರೇ ಸಿಗ್ಲಿಲ್ಲ."

ಅವಳನ್ನು ಎಬ್ಬಿಸಿ ಕೂರಿಸುವಾಗ ಮಡಿಲಿನಿಂದ ಒಂದು ಹಿಡಿ ಕಾಳು ಚೆಲ್ಲಿತು. ಕಸದ ಜೊತೆ ಗುಡಿಸಿದ ಕಾಳು, ಅದರ ತುಂಬ ಸತ್ತ ನುಸಿ. ಮ್ಯಾನೇಜರ ಮುಖ ಅರಳಿತು.

"ಕಳ್ಳ ಮುಂಡೆ! ಈ ಕಸ ಧಣಿಗಳ ಕೋಳಿಗೆ ಅಂತ ಗೊತ್ತಿಲ್ವಾ? ಕೋಳಿ ಬಾಯಿಂದ ಕಿತ್ಕೊಂಡು ತಿಂತೀಯಲ್ಲೇ, ಥೂ!"

ಉಗುಳು ಕಾಳಿನ ಮೇಲೇ ಬಿತ್ತು.

"ಆರಿಸೇ. ಒಂದೊಂದೂ ಆರಿಸಿ ಚೀಲಕ್ಕೆ ಹಾಕು. ಆಮೇಲೆ ಒಳಗ್ಹೋಗಿ ಉಳಿದಿದ್ದು ಗುಡಿಸು, ಲಾರಿ ಕಾಯ್ತಿದೆ. ಆಗಲ್ಲ ಅಂದ್ರೆ ಅಕ್ಕ ತಂಗಿ ಇಬ್ರೂ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ."

ತಂಗಿ ಕೈಯನ್ನು ಕಾಳಿನತ್ತ ಚಾಚಿದಳು. ಅಕ್ಕ ಆ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. ಇನ್ನೊಮ್ಮೆ ಒಳಗಿಳಿದರೆ ಇವಳು ಏಳುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

"ಇವಳು ಹೋಗಲ್ಲ. ನಾನೂ ಹೋಗಲ್ಲ."

"ಓಹೋ! ನೋಡ್ರೋ, ನಾನೇ ಹೋಗ್ತೀನಿ. ಸಾಯ್ತೀನಾ ನೋಡಿ!"

ಮ್ಯಾನೇಜರು ದಡದಡ ಮೆಟ್ಟಿಲಿಳಿದು, ಸೊಂಟದ ಮೇಲೆ ಕೈಯಿಟ್ಟು, ಎದೆಯುಬ್ಬಿಸಿ ನಿಂತ. "ಏನಾಯ್ತು ನಂಗೆ? ಹೇಳ್ರೋ, ಏನಾಯ್ತು?"

ಅಕ್ಕ ತಂಗಿಯ ಕೈಯಿಂದ ಪೊರಕೆ ಬಿಡಿಸಿಕೊಂಡು ಹೊಸ್ತಿಲಿಗೆ ಬಂದಳು.

"ನಿಂತವರಿಗೆ ಏನೂ ಆಗಲ್ಲ ಸಾರ್. ಬಗ್ಗಿ."

"ಏನೇ ಅಂದೆ?"

ಅವಳು ಪೊರಕೆಯನ್ನು ಅವನ ಕಾಲ ಬುಡಕ್ಕೆ ಎಸೆದಳು. ಹಮಾಲರು ಒಬ್ಬೊಬ್ಬರಾಗಿ ಬಂದು ಅವಳ ಅಕ್ಕಪಕ್ಕ ಹೊಸ್ತಿಲು ತುಂಬಿ ನಿಂತರು. ಮುದುಕ ಬಾಗಿಲ ಒಂದು ಕದವನ್ನು ಎಳೆದು ಮುಚ್ಚಿದ. ಹೊರಗೆ ಲಾರಿಯವನು ಹಾರನ್ ಹೊಡೆಯುತ್ತಲೇ ಇದ್ದ.

ಮ್ಯಾನೇಜರು ಪೊರಕೆ ನೋಡಿದ, ಬಾಗಿಲು ನೋಡಿದ. "ದಾರಿ ಬಿಡ್ರಪ್ಪಾ..." ಎಂದ. ಕಿರುಚಾಟದ ದನಿ ಎಲ್ಲೋ ಇಳಿದುಹೋಗಿತ್ತು.

"ಎತ್ಕೊಂಡು ಗುಡಿಸೋ ಬೋಳೀಮಗನೆ," ಎಂದಳು ಅಕ್ಕ. "ಬಗ್ಗೋ."